ಕಾನೂನು ಕೇಳಿ: ಅಂತರರಾಷ್ಟ್ರೀಯ ಅಪರಾಧ ಕಾನೂನು ಓದಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ, ಕಲಾ ವಿಭಾಗ. 2025ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ ಅವರನ್ನು ಬಂಧಿಸಿ ನೆದರ್ಲೆಂಡ್ಸ್‌ನ ಹೇಗ್‌ಗೆ ಕರೆದುಕೊಂಡು ಹೋದ ಸುದ್ದಿ ನೋಡಿದೆ. ದೇಶ ಆಳಿದವರನ್ನೂ ಕಟಕಟೆಗೆ ತರುವ ಆ ಕಾನೂನನ್ನೇ ಓದಬೇಕು ಅನ್ನಿಸಿದೆ. ಪದವಿಯಲ್ಲೇ ಓದಬಹುದಾ? ಮನೆಯಲ್ಲಿ ‘ಇಲ್ಲಿನ ಕೋರ್ಟೇ ಗೊತ್ತಿಲ್ಲ, ಅಲ್ಲಿನದು ಯಾಕೆ’ ಅನ್ನುತ್ತಾರೆ.
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎಲ್ಲರಿಗೂ ಆಗುವ ಒಂದು ಗೊಂದಲ ಬಿಡಿಸೋಣ. ಹೇಗ್‌ನಲ್ಲಿ ಎರಡು ದೊಡ್ಡ ನ್ಯಾಯಾಲಯಗಳಿವೆ. ಪಾಕಿಸ್ತಾನದ ಸೆರೆಯಲ್ಲಿರುವ ಭಾರತೀಯ ಕುಲಭೂಷಣ್ ಜಾಧವ್ ವಿಷಯದಲ್ಲಿ 2019ರಲ್ಲಿ ತೀರ್ಪು ಕೊಟ್ಟದ್ದು ಅಂತರರಾಷ್ಟ್ರೀಯ ನ್ಯಾಯಾಲಯ. ಅಲ್ಲಿ ದೇಶದ ಎದುರು ದೇಶ ನಿಲ್ಲುತ್ತದೆ. ನೀವು ಸುದ್ದಿಯಲ್ಲಿ ನೋಡಿದ್ದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಐಸಿಸಿ. ಅಲ್ಲಿ ನಿಲ್ಲುವುದು ಮನುಷ್ಯ. ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ – ಈ ನಾಲ್ಕು ಮಾತ್ರ ಅದರ ವ್ಯಾಪ್ತಿ. ಫಿಲಿಪ್ಪೀನ್ಸ್ 2019ರಲ್ಲೇ ಐಸಿಸಿಯಿಂದ ಹೊರಗೆ ಬಂದಿತ್ತು. ಆದರೂ ಬಂಧನ ಆದದ್ದು ಹೇಗೆ? ಡುಟೆರ್ಟೆ ಮೇಲಿನ ಆರೋಪ ಮಾದಕವಸ್ತು ವಿರುದ್ಧದ ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ಕೊಲೆಗಳದ್ದು. ಆ ಕೊಲೆಗಳು ದೇಶ ಇನ್ನೂ ಸದಸ್ಯವಾಗಿದ್ದ ಕಾಲದವು. ಹೊರಗೆ ಹೋದ ಮಾತ್ರಕ್ಕೆ ಹಳೆಯ ಲೆಕ್ಕ ಅಳಿಸಿಹೋಗುವುದಿಲ್ಲ.

ಇನ್ನು ಓದಿನ ವಿಷಯ. ಈ ಹೆಸರಿನದೇ ಪದವಿ ಹುಡುಕಿಕೊಂಡು ಅಲೆಯಬೇಡಿ. ಪಿಯುಸಿ ಆದಮೇಲೆ ಐದು ವರ್ಷದ ಬಿಎ ಎಲ್‌ಎಲ್‌ಬಿ ಸೇರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಂಥ ಕಡೆ ಬೇಕೆಂದರೆ ಕ್ಲಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಕ್ಲಾಟ್ ಬರೆಯದವರೂ ಸೇರಬಹುದು. ಎಲ್ಲಿ ಸೇರಿದರೂ ಅಂತರರಾಷ್ಟ್ರೀಯ ಕಾನೂನು ಒಂದು ಪತ್ರಿಕೆಯಾಗಿ ಬಂದೇ ಬರುತ್ತದೆ. ಅದರೊಳಗೆ ನಿಮ್ಮ ವಿಷಯಕ್ಕೆ ಸಿಗುವ ಜಾಗ ಮಾತ್ರ ಕಡಿಮೆ. ಉಳಿದದ್ದನ್ನು ನೀವೇ ಓದಿಕೊಳ್ಳಬೇಕು.

ನಾನು ಹಾಗೇ ಓದಿದವಳು. 2001ರಲ್ಲಿ ಧಾರವಾಡದಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೆ. ನಮ್ಮ ನೋಟ್ಸ್‌ನಲ್ಲಿ ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆ ಬಗ್ಗೆ ಒಂದೂವರೆ ಪುಟ ಇತ್ತು, ಅಷ್ಟೇ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಫ್ರಿಕಾದ ರುವಾಂಡಾ ನರಮೇಧದ ಕೇಸೊಂದರ, ಅಕಾಯೆಸು ತೀರ್ಪು ಓದತೊಡಗಿದೆ. ಪ್ರಿಂಟ್ ತೆಗೆಸಲು ಕಾಸಿರಲಿಲ್ಲ. ಬೇಕಾದ ಪ್ಯಾರಾಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಕೈಯಲ್ಲೇ ಇಳಿಸಿಕೊಂಡೆ. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನ ಮೇಲಿದೆ. ನೀವೂ ಆ ತೀರ್ಪಿನಿಂದಲೇ ಶುರು ಮಾಡಿ ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾನ್ ಪಾಲ್ ಅಕಾಯೆಸು ರುವಾಂಡಾದ ಟಾಬಾ ಎಂಬಲ್ಲಿನ ಮೇಯರ್. ಅದಕ್ಕೂ ಮುಂಚೆ ಶಾಲೆ ಮೇಷ್ಟ್ರು. 1994ರಲ್ಲಿ ಬಹುಸಂಖ್ಯಾತ ಹುಟು ಉಗ್ರರಿಂದ ಅಲ್ಪಸಂಖ್ಯಾತ ಟುಟ್ಸಿ ಜನರ ಕಗ್ಗೊಲೆ ನಡೆದಾಗ ಅವನ ಊರಿನಲ್ಲೂ ಸಾವಿರಾರು ಜನ ಸತ್ತರು. ತಾಂಜಾನಿಯಾದ ಅರುಶಾದಲ್ಲಿ ವಿಶ್ವಸಂಸ್ಥೆ ಕೂರಿಸಿದ ನ್ಯಾಯಮಂಡಳಿ ಅವನ ವಿಚಾರಣೆ ನಡೆಸಿತು. ಶುರುವಿನ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. 1997ರ ಜನವರಿಯಲ್ಲಿ ಸಾಕ್ಷಿ ಹೇಳುತ್ತಿದ್ದ ಒಬ್ಬ ತಾಯಿ ತನ್ನ ಆರು ವರ್ಷದ ಮಗಳ ಮೇಲೆ ಮೂವರು ಎರಗಿದ್ದನ್ನು ಹೇಳಿದಳು. ಪೀಠ ಆ ಮಾತನ್ನು ಹಾಗೇ ಬಿಡಲಿಲ್ಲ, ಪ್ರಶ್ನೆ ಕೇಳಿತು. ಮಾರ್ಚ್‌ನಲ್ಲಿ ಇನ್ನೊಬ್ಬ ಹೆಣ್ಣುಮಗಳು ತನಗೇ ಆದದ್ದನ್ನು ಹೇಳಿದಳು. ಮಹಿಳಾ ಸಂಘಟನೆಗಳೂ ಒತ್ತಾಯಿಸಿದವು. ಜೂನ್ ಹೊತ್ತಿಗೆ ಆರೋಪಪಟ್ಟಿ ತಿದ್ದುಪಡಿ ಆಯಿತು. 1998ರ ಸೆಪ್ಟೆಂಬರ್ 2ರಂದು ತೀರ್ಪು ಬಂತು. ನರಮೇಧ ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಒಂದು ಜನಾಂಗವನ್ನು ನಾಶ ಮಾಡುವ ಉದ್ದೇಶದಿಂದ ಮಾಡಿದ ಅತ್ಯಾಚಾರವೂ ನರಮೇಧವೇ ಎಂದು ಹೇಳಿದ್ದೂ ಅದೇ ಮೊದಲು.

ಆ ಪೀಠದ ಮೂವರಲ್ಲಿ ಒಬ್ಬರೇ ಹೆಂಗಸು, ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕಾದ ಡರ್ಬನ್‌ನ ತಮಿಳು ಮನೆತನದವರು. ಅಪ್ಪ ಬಸ್ ಡ್ರೈವರ್. ಊರಿನ ಭಾರತೀಯರು ದುಡ್ಡು ಕೂಡಿಸಿ ಓದಿಸಿದರು. ಇದನ್ನು ನಿಮ್ಮ ಮನೆಯಲ್ಲಿ ಖಂಡಿತ ಹೇಳಿ.

ಆ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಜಾಗ ಇದೆ. ಹುಟು, ಟುಟ್ಸಿ ಇಬ್ಬರದೂ ಒಂದೇ ಭಾಷೆ, ಒಂದೇ ಧರ್ಮ. ಹಾಗಾದರೆ ಟುಟ್ಸಿಗಳು ಬೇರೆ ಗುಂಪು ಅಂತ ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ? ನ್ಯಾಯಾಧೀಶರು ಗುರುತಿನ ಚೀಟಿ ನೋಡಿದರು. ಸರ್ಕಾರ ಕೊಟ್ಟ ಚೀಟಿಯಲ್ಲೇ ಪ್ರತಿಯೊಬ್ಬರ ಗುಂಪು ಬರೆದಿತ್ತು. ಒಂದು ಸಣ್ಣ ಕಾಗದ. ರಸ್ತೆ ತಡೆಯಲ್ಲಿ ಅದನ್ನು ನೋಡಿಯೇ ಕೊಂದರು. ಕೋರ್ಟಿನಲ್ಲಿ ಅದೇ ಸಾಕ್ಷಿಯಾಯಿತು.

ಈಗ ಮನೆಯವರ ಮಾತಿಗೆ ಬರುತ್ತೇನೆ. ಓದು ಮುಗಿಸಿ ಸೀನಿಯರ್ ಒಬ್ಬರ ಕೈಕೆಳಗೆ ಸೇರಿದೆ. ಒಂದು ಸೆಷನ್ಸ್ ಕೋರ್ಟಿನಲ್ಲಿ ಒಬ್ಬ ಹುಡುಗಿಯ ಪಾಟೀಸವಾಲು ನಡೆಯುತ್ತಿತ್ತು. ಒಂದೇ ಪ್ರಶ್ನೆಯನ್ನು ನಾಲ್ಕು ರೀತಿ ತಿರುಗಿಸಿ ಕೇಳಿದರು. ಅವಳು ನೀರು ಕೇಳಿದಳು. ಯಾರೂ ತಂದುಕೊಡಲಿಲ್ಲ. ನಾನೂ ಕೊಡಲಿಲ್ಲ. ಎದ್ದು ಹೋಗಬಹುದೋ ಇಲ್ಲವೋ ಅಂತ ಗೊತ್ತಾಗದೆ ಕೂತೇ ಇದ್ದೆ. ಆ ರಾತ್ರಿ ನೋಟ್‌ಬುಕ್ ತೆಗೆದು ಆ ತಾಯಿಯ ಸಾಕ್ಷಿಯ ಭಾಗ ಮತ್ತೆ ಓದಿದೆ. ಅರುಶಾದಲ್ಲಿ ಪೀಠ ಕೇಳಿದ ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ಅವತ್ತು ಗೊತ್ತಾಯಿತು. ಅದಕ್ಕೇ ಹೇಳುತ್ತೇನೆ: ಲಾ ಸೇರಿದ ಮೊದಲ ರಜೆಯಲ್ಲೇ ಹಾವೇರಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ಒಂದು ಕೊಲೆ ಕೇಸು ಹಿಡಿದು, ಸಾಕ್ಷಿ ವಿಚಾರಣೆ ನಡೆಯುವ ದಿನಗಳಲ್ಲಿ ಕೊನೆಯ ಬೆಂಚಿನಲ್ಲಿ ಕೂತುಕೊಳ್ಳಿ. ಸಾಕ್ಷಿ ಅಂದರೇನು, ಅನುಮಾನ ಅಂದರೇನು ಅಂತ ಅಲ್ಲಿ ಕಾಣುತ್ತದೆ. ಹೇಗ್‌ನಲ್ಲೂ ನಡೆಯುವುದು ಅದೇ ಕೆಲಸ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಎಲ್‌ಎಲ್‌ಬಿ ಮೂರನೇ ವರ್ಷ. ಐಸಿಸಿ ತೀರ್ಪು ತೆರೆದರೆ ಸಾವಿರ ಪುಟ, ಲ್ಯಾಟಿನ್ ಪದಗಳು. ಹೇಗೆ ಓದುವುದು?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಪೂರ್ತಿ ತೀರ್ಪಿನಿಂದ ಶುರು ಮಾಡಬೇಡಿ. ಶಿಕ್ಷೆಯ ಪ್ರಮಾಣದ ಆದೇಶದಿಂದ ಶುರು ಮಾಡಿ. ಅದು ಚಿಕ್ಕದು. ಇಡೀ ಕೇಸಿನ ಸಾರ ಅದರಲ್ಲಿ ಇರುತ್ತದೆ.

ಡೊಮಿನಿಕ್ ಆಂಗ್ವೆನ್ ಕೇಸು ತೆಗೆದುಕೊಳ್ಳಿ. ಉತ್ತರ ಉಗಾಂಡಾದವನು. ಸುಮಾರು ಒಂಬತ್ತು ವರ್ಷದವನಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಬಂಡುಕೋರರ ಸೇನೆ ಅವನನ್ನು ಹೊತ್ತೊಯ್ದಿತು. ಅದೇ ಸೇನೆಯಲ್ಲಿ ಬೆಳೆದು ಕಮಾಂಡರ್ ಆದ. ಮಕ್ಕಳನ್ನು ಹೊತ್ತುತರಿಸಿದ. ಹೆಣ್ಣುಮಕ್ಕಳನ್ನು ಬಲವಂತವಾಗಿ ಹೆಂಡತಿಯರನ್ನಾಗಿ ಹಂಚಿದ. 2021ರ ಫೆಬ್ರವರಿಯಲ್ಲಿ 61 ಆರೋಪಗಳು ಸಾಬೀತಾದವು. ಮೇ ತಿಂಗಳಲ್ಲಿ 25 ವರ್ಷ ಶಿಕ್ಷೆ ಆಯಿತು. ಜೀವಾವಧಿ ಕೊಡಬಹುದಿತ್ತು. ಯಾಕೆ ಕೊಡಲಿಲ್ಲ? ಬಾಲ್ಯದಲ್ಲಿ ಅವನಿಗೆ ಆದದ್ದನ್ನು ಎಷ್ಟು ತೂಗಬೇಕು? ಆದೇಶದಲ್ಲಿ ನ್ಯಾಯಾಧೀಶರು ಇದನ್ನೇ ತೂಗುತ್ತಾರೆ. ನನ್ನ ತರಗತಿಯಲ್ಲಿ ಈ ಕೇಸಿನ ದಿನ ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗ ‘ಮೇಡಂ, ಇವನು ಯಾವ ದಿನ ಬಲಿಪಶುವಾಗಿದ್ದವನು ಅಪರಾಧಿ ಆದ?’ ಅಂತ ಕೇಳಿದ. ನನ್ನ ಹತ್ತಿರ ಇನ್ನೂ ಪೂರ್ತಿ ಉತ್ತರ ಇಲ್ಲ.

ಓದುವಾಗ ಪಕ್ಕದಲ್ಲಿ ಕನ್ನಡದಲ್ಲಿ ಬರೆಯುತ್ತಾ ಹೋಗಿ. ಪ್ರತಿ ಪ್ಯಾರಾಕ್ಕೆ ಒಂದು ಸಾಲು ಸಾಕು. ‘ಮೆನ್ಸ್ ರಿಯಾ’ ಅಂದರೆ ಮನಸ್ಸಿನ ಉದ್ದೇಶ, ಅಷ್ಟೇ. ಕನ್ನಡದಲ್ಲಿ ಹೇಳಲಾಗದಿದ್ದರೆ ಅದು ನಿಮಗೆ ಅರ್ಥವಾಗಿಲ್ಲ ಅಂತಲೇ ತಿಳಿಯಿರಿ. ನಾನು ಇಂದಿಗೂ ಹೀಗೇ ಓದುತ್ತೇನೆ. ಐಸಿಸಿಯ ತೀರ್ಪುಗಳೆಲ್ಲ ಅದರ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ವಿಶ್ವಸಂಸ್ಥೆಯ ದೃಶ್ಯ-ಶ್ರವ್ಯ ಕಾನೂನು ಗ್ರಂಥಾಲಯದಲ್ಲಿ ಉಪನ್ಯಾಸಗಳಿವೆ. ಗೈಡ್ ಕೊಂಡು ದುಡ್ಡು ಹಾಳು ಮಾಡಬೇಡಿ.

ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ನಮ್ಮ ರಾಧಾಬಿನೋದ್ ಪಾಲ್ ಬರೆದ ಭಿನ್ನ ತೀರ್ಪನ್ನೂ ಮುಂದೆ ಓದಿ. ಹನ್ನೊಂದು ನ್ಯಾಯಾಧೀಶರಲ್ಲಿ ಅವರೊಬ್ಬರೇ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದರು. ನಾನು ಅದನ್ನು ಒಪ್ಪುವುದಿಲ್ಲ. ಆದರೆ ಗೆದ್ದವರು ಸೋತವರಿಗೆ ಕೊಡುವ ನ್ಯಾಯದ ಬಗ್ಗೆ ಅವರು ಎತ್ತಿದ ಪ್ರಶ್ನೆ ಇವತ್ತಿಗೂ ಸತ್ತಿಲ್ಲ.

ಪ್ರಶ್ನೆ: ಭಾರತ ಐಸಿಸಿಗೆ ಸೇರಿಯೇ ಇಲ್ಲವಂತೆ. ಮಗಳು ಇದನ್ನು ಓದಿದರೆ ಕೆಲಸ ಸಿಗುತ್ತಾ?
– ತಂದೆ, ತುಮಕೂರು

ಉತ್ತರ: ಸೇರಿಲ್ಲ, ನಿಜ. 1998ರ ಜುಲೈ 17ರಂದು ರೋಮ್‌ನಲ್ಲಿ ಐಸಿಸಿ ಸ್ಥಾಪಿಸುವ ಒಪ್ಪಂದ ಮತಕ್ಕೆ ಬಂತು: 120 ದೇಶಗಳು ಪರ, 7 ವಿರೋಧ, 21 ತಟಸ್ಥ. ಭಾರತ ತಟಸ್ಥ ಉಳಿಯಿತು. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರ ನಮಗೆ ಸರಿ ಕಾಣಲಿಲ್ಲ. ಅಣ್ವಸ್ತ್ರ ಬಳಕೆಯನ್ನು, ಭಯೋತ್ಪಾದನೆಯನ್ನು ಪಟ್ಟಿಗೆ ಸೇರಿಸಲಿಲ್ಲ ಎಂಬ ತಕರಾರೂ ಇತ್ತು.

ಕೆಲಸದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹೇಗ್‌ನಲ್ಲಿ ಹುದ್ದೆಗಳು ಕಡಿಮೆ, ಸದಸ್ಯ ದೇಶದವರಿಗೆ ಆದ್ಯತೆ ಜಾಸ್ತಿ. ಹಲವು ಇಂಟರ್ನ್‌ಶಿಪ್‌ಗಳಿಗೆ ಸಂಬಳ ಇರುವುದಿಲ್ಲ, ಅಲ್ಲಿನ ಮನೆ ಬಾಡಿಗೆ ನಿಮ್ಮ ಕೈಯಿಂದಲೇ ಹೋಗಬೇಕು. ಅದನ್ನು ನಂಬಿ ಸಾಲ ಮಾಡಬೇಡಿ. ಆದರೆ ಇದನ್ನು ಓದಿದವರು ಒಳ್ಳೆಯ ಕ್ರಿಮಿನಲ್ ವಕೀಲರಾಗುತ್ತಾರೆ. ಪಾಠ ಮಾಡುತ್ತಾರೆ, ಮಾನವ ಹಕ್ಕು, ನಿರಾಶ್ರಿತರ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿಯೂ ಈ ವಿದ್ಯೆ ಬೇಕು. 1984ರ ಸಿಖ್ ಹತ್ಯೆಗಳ ಕೇಸಿನಲ್ಲಿ ಸಜ್ಜನ್ ಕುಮಾರ್‌ಗೆ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಶಿಕ್ಷೆ ಕೊಟ್ಟಿತು. ನರಮೇಧವಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ, ಈ ಕೊರತೆ ಬೇಗ ತುಂಬಬೇಕು ಎಂದು ಆ ತೀರ್ಪಿನಲ್ಲೇ ಬರೆದಿದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲೂ ಆ ಜಾಗ ಖಾಲಿಯೇ ಇದೆ. ಅದನ್ನು ಬರೆಯುವವರು ಯಾರೋ ಈಗ ಓದುತ್ತಿರಬೇಕು ಅಲ್ವಾ?

ಒಂದು ಮಾತ್ರ ಈಗಲೇ ಮಾಡಿ. ಐಸಿಸಿಯಲ್ಲಿ ದಿನನಿತ್ಯದ ಕೆಲಸ ನಡೆಯುವುದು ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ. ಮಗಳಿಗೆ ಫ್ರೆಂಚ್ ಕಲಿಸಿ. ಬೆಂಗಳೂರಿನ ವಸಂತನಗರದಲ್ಲಿ ಅಲಯಾನ್ಸ್ ಫ್ರಾಂಸೇಸ್ ಇದೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದರೆ ಹೋಗಿ ವಿಚಾರಿಸಿ ಸಂಜೆಯೊಳಗೆ ಊರಿಗೆ ವಾಪಸ್ ಬರಬಹುದು.