ಓದುಗರ ಪ್ರಶ್ನೆ, ನಮ್ಮ ಉತ್ತರ: ನೆಟ್‌ವರ್ಕ್ ಸ್ವಿಚ್ಚಿನ ಲಾಗಿನ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಬದಿಯಡ್ಕದ ಸಮೀಪದ ಸಹಕಾರಿ ಸಂಘವೊಂದರಲ್ಲಿ ನಾನು ಗುಮಾಸ್ತ, ಕಂಪ್ಯೂಟರುಗಳ ಉಸ್ತುವಾರಿಯೂ ನನ್ನ ಮೇಲಿದೆ. ಮುಖ್ಯ ಕಚೇರಿಯಲ್ಲಿಯೂ ಪೆರ್ಲ, ಮುಳ್ಳೇರಿಯ ಶಾಖೆಗಳಲ್ಲಿಯೂ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸಿಸ್ಕೋ ಕಂಪನಿಯ ಸ್ವಿಚ್ಚುಗಳಿವೆ. ಮೂರಕ್ಕೂ ಒಂದೇ ಪಾಸ್‌ವರ್ಡ್; ಅದು ಕಾರ್ಯದರ್ಶಿಯವರಿಗೂ ಮಂಗಳೂರಿನಿಂದ ಬರುವ ತಂತ್ರಜ್ಞರಿಗೂ ಕೆಲಸ ಬಿಟ್ಟುಹೋದವರಿಗೂ ಗೊತ್ತಿದೆ. ಇತ್ತೀಚೆಗೆ ಯಾರೋ ಒಂದು ಪೋರ್ಟಿನ ವಿಲ್ಯಾನ್ (ಆ ಪೋರ್ಟು ಸೇರಿರುವ ಜಾಲದ ವಿಭಾಗ) ಬದಲಾಯಿಸಿದ್ದರಿಂದ ಅಡಿಕೆ ಖರೀದಿಯ ಕೌಂಟರು ಅರ್ಧ ದಿನ ನಿಂತುಹೋಯಿತು. ಇಂಥದ್ದನ್ನು ತಡೆಯುವುದು ಹೇಗೆ?

ಉತ್ತರ: ಅಧಿಕಾರ ಹಂಚುವುದಕ್ಕೆ ಮೊದಲು ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿಯೇ ಪ್ರತ್ಯೇಕ ಲಾಗಿನ್ ಮಾಡಿಕೊಡಿ. ಎಲ್ಲರೂ ಒಂದೇ ಪಾಸ್‌ವರ್ಡಿನಿಂದ ಒಳಬರುವ ತನಕ ಸ್ವಿಚ್ಚಿನ ಪಾಲಿಗೆ ನೀವೆಲ್ಲರೂ ಒಬ್ಬರೇ ಆಗಿರುತ್ತೀರಿ. ಆಗ ಎಂಥ ದಾಖಲೆ ಇಟ್ಟರೂ ಅದು ಯಾರನ್ನೂ ಗುರುತಿಸಲಾರದು, ಕೆಲಸ ಬಿಟ್ಟ ಒಬ್ಬರನ್ನು ಹೊರಗಿಡಬೇಕಾದರೂ ಎಲ್ಲರ ಪಾಸ್‌ವರ್ಡನ್ನು ಬದಲಾಯಿಸಬೇಕಾಗುತ್ತದೆ.

ಖಾತೆ ತೆರೆಯುವಾಗ 'ಯೂಸರ್‌ನೇಮ್' ಆದೇಶದಲ್ಲಿ 'ಪಾಸ್‌ವರ್ಡ್' ಎಂಬುದರ ಬದಲಿಗೆ 'ಸೀಕ್ರೆಟ್' ಎಂಬುದನ್ನೇ ಬಳಸಿ. ಮೊದಲನೆಯದನ್ನು 'ಸರ್ವಿಸ್ ಪಾಸ್‌ವರ್ಡ್ ಎನ್‌ಕ್ರಿಪ್ಶನ್' ಹಾಕಿ ಮರೆಮಾಡಿದರೂ ಅದು ಟೈಪ್ 7 ರೂಪದಲ್ಲಿ ಉಳಿಯುತ್ತದೆ, ಅದನ್ನು ಯಾರು ಬೇಕಾದರೂ ಕ್ಷಣದಲ್ಲಿ ಮೂಲರೂಪಕ್ಕೆ ತರಬಲ್ಲರು. 'ಸೀಕ್ರೆಟ್' ಬಳಸುವಾಗ ಸ್ವಿಚ್ಚಿನ ಸಾಫ್ಟ್‌ವೇರ್ ಒಪ್ಪಿದರೆ, ಹಾಗೆ ಸುಲಭವಾಗಿ ಬಿಡಿಸಲಾಗದ ಟೈಪ್ 8 ಅಥವಾ 9ನ್ನು ಆರಿಸಿಕೊಳ್ಳಿ.

ಇನ್ನು ಅಧಿಕಾರದ ವಿಚಾರ. ಈ ಸ್ವಿಚ್ಚುಗಳಲ್ಲಿ 0ಯಿಂದ 15ರ ವರೆಗೆ ಹಂತಗಳಿದ್ದರೂ ನಿಮ್ಮಂಥ ಸಂಸ್ಥೆಗೆ 1 ಮತ್ತು 15 ಸಾಕೆಂಬುದು ನನ್ನ ಅಭಿಪ್ರಾಯ. 1ನೇ ಹಂತದವರು ಯಾವ ಪೋರ್ಟ್ ಚಾಲ್ತಿಯಲ್ಲಿದೆ, ಯಾವುದು ಬಿದ್ದಿದೆ ಎಂಬುದನ್ನು ನೋಡಬಹುದು, ಬದಲಾಯಿಸಲಾರರು. ಶಾಖೆಯ ಸಿಬ್ಬಂದಿಗೆ ಅಷ್ಟೇ ಬೇಕಾದದ್ದು. 15ನೇ ಹಂತವನ್ನು ನಿಮಗೂ ತಂತ್ರಜ್ಞರಿಗೂ ಮಾತ್ರ ಕೊಡಿ, ತಂತ್ರಜ್ಞರ ಖಾತೆಯನ್ನು ಅವರ ಕೆಲಸ ಮುಗಿದ ದಿನವೇ ತೆಗೆದುಹಾಕಿ. ಸ್ವಿಚ್ಚಿನ ಕೆಲಸ ಮಾಡದ ಕಾರ್ಯದರ್ಶಿಯವರಿಗೆ, ಅವರು ಹಿರಿಯರೆಂಬ ಕಾರಣಕ್ಕೆ 15ನ್ನು ಕೊಡಬೇಕಾಗಿಲ್ಲ. ಇಲ್ಲಿ ಬಹಳ ಮಂದಿ ಮರೆಯುವ ಸಂಗತಿಯೊಂದಿದೆ: ಮೇಲಿನ ಹಂತಕ್ಕೆ ಏರಲು ಕೊಡುವ ಹಳೆಯ 'ಎನೇಬಲ್' ಪಾಸ್‌ವರ್ಡ್ ಹಾಗೆಯೇ ಉಳಿದರೆ ಅದನ್ನು ಬಲ್ಲ 1ನೇ ಹಂತದವರು ಒಳಬಂದ ಮೇಲೆ ಅದನ್ನೇ ಬಳಸಿ 15ಕ್ಕೆ ಏರಬಲ್ಲರು. ಆದ್ದರಿಂದ ಅದನ್ನೂ ಅದೇ ದಿನ ಬದಲಾಯಿಸಿ.

ದೂರದಿಂದ ಒಳಬರುವ ವಿಟಿವೈ ಲೈನುಗಳಲ್ಲಿಯೂ ಸ್ವಿಚ್ಚಿಗೇ ನೇರವಾಗಿ ಕೇಬಲ್ ಜೋಡಿಸುವ ಕನ್ಸೋಲಿನಲ್ಲಿಯೂ 'ಲಾಗಿನ್ ಲೋಕಲ್' ಎಂದು ಕೊಟ್ಟಾಗ ಮಾತ್ರ ಈ ಖಾತೆಗಳು ಜಾರಿಗೆ ಬರುತ್ತವೆ. ದೂರದಿಂದ ಒಳಬರುವ ಹಳೆಯ ವಿಧಾನವಾದ ಟೆಲ್ನೆಟ್ ಹೆಸರನ್ನೂ ಪಾಸ್‌ವರ್ಡನ್ನೂ ಬಯಲಾಗಿಯೇ ಸಾಗಿಸುವುದರಿಂದ ಅದನ್ನು ನಿಲ್ಲಿಸಿ, 2048 ಬಿಟ್‌ಗಳ ಕೀಲಿ ರಚಿಸಿಕೊಂಡು, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಒಂದನ್ನೇ ಬಿಡಿ.

ಯಾರು ಬದಲಾಯಿಸಿದರೆಂಬ ಪ್ರಶ್ನೆಗೆ ಉತ್ತರ ಕೊಡುವುದು 'ಆರ್ಕೈವ್' ವಿಭಾಗದ ಕಾನ್ಫಿಗ್ ಲಾಗ್. ಅದನ್ನು ಚಾಲೂ ಮಾಡಿದರೆ ಯಾವ ಬಳಕೆದಾರರು ಯಾವ ಆದೇಶ ಕೊಟ್ಟರೆಂಬುದು ದಾಖಲಾಗುತ್ತದೆ. ಆದರೆ ತಾನಾಗಿ ಅದು 100 ನಮೂದುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಸ್ವಿಚ್ಚು ಆರಿದರೆ ಅವೂ ಅಳಿಯುತ್ತವೆ. ಮಿಂಚು ಗುಡುಗಿಗೆ ಪದೇ ಪದೇ ಕರೆಂಟು ಹೋಗುವ ನಮ್ಮ ಕಾಸರಗೋಡಿನಲ್ಲಿ ಇದು ಸಣ್ಣ ಮಾತಲ್ಲ. ದಾಖಲೆಯನ್ನು ಕಚೇರಿಯ ಒಂದು ಕಂಪ್ಯೂಟರಿಗೆ ಸಿಸ್‌ಲಾಗ್ (ದಾಖಲೆಗಳನ್ನು ಜಾಲದಲ್ಲಿ ರವಾನಿಸುವ ವಿಧಾನ) ಮೂಲಕ ಕಳುಹಿಸುವ ಏರ್ಪಾಡು ಮಾಡಿ, ಜಾಲದಿಂದ ಸರಿಯಾದ ಸಮಯ ಪಡೆಯುವ ಎನ್‌ಟಿಪಿಯಿಂದ ಸ್ವಿಚ್ಚಿನ ಗಡಿಯಾರವನ್ನೂ ಸರಿಪಡಿಸಿ.

ಈ ಬದಲಾವಣೆಗಳನ್ನು ಮಾಡುವಾಗ ಈಗಿನ ಸೆಷನ್ನನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸ ಖಾತೆಯಲ್ಲಿ ಒಳಬಂದು ನೋಡಿದ ಬಳಿಕವೇ ಸೇವ್ ಮಾಡಿ. ಸೇವ್ ಮಾಡುವ ಮೊದಲೇ ಹೊರಗುಳಿದರೆ ಸ್ವಿಚ್ಚನ್ನು ಆರಿಸಿ ಹಾಕಿದಾಗ ಹಳೆಯ ಸ್ಥಿತಿ ಮರಳುತ್ತದೆ.

ಪ್ರಶ್ನೆ: ನಾನು ಮಂಜೇಶ್ವರದ ಕಾಲೇಜೊಂದರ ಲ್ಯಾಬ್ ಸಹಾಯಕಿ. ನಮ್ಮ ವೈಫೈಗೆಂದು, ಒಳಬರುವವರ ಹೆಸರು, ಪಾಸ್‌ವರ್ಡುಗಳನ್ನು ಒಂದೇ ಕಡೆ ಪರಿಶೀಲಿಸುವ ರೇಡಿಯಸ್ ಸರ್ವರ್ ಇದೆ. ಸ್ವಿಚ್ಚುಗಳ ಲಾಗಿನ್ನಿಗೂ ಅದನ್ನೇ ಬಳಸಬಹುದೇ, ಅಥವಾ ಅದೇ ಬಗೆಯ ಇನ್ನೊಂದು ವ್ಯವಸ್ಥೆಯಾದ ಟಕಾಕ್ಸ್ ಪ್ಲಸ್ ಬೇಕೇ?

ಉತ್ತರ: ಬಳಸಬಹುದು. ಒಳಬರುವವರ ಅಧಿಕಾರದ ಹಂತವನ್ನು ರೇಡಿಯಸ್ ಲಾಗಿನ್ನಿನ ಹೊತ್ತಿಗೇ ತಿಳಿಸುತ್ತದೆ. ಕೊಟ್ಟ ಒಂದೊಂದು ಆದೇಶಕ್ಕೂ ಅನುಮತಿ ಕೇಳುವ ವ್ಯವಸ್ಥೆ ಬೇಕಾದಾಗಲಷ್ಟೇ ಟಕಾಕ್ಸ್ ಪ್ಲಸ್ ಅಗತ್ಯವಾಗುತ್ತದೆ. ಯಾವುದನ್ನು ಆರಿಸಿದರೂ ಲಾಗಿನ್ ಪರಿಶೀಲಿಸುವ ವಿಧಾನಗಳ ಪಟ್ಟಿಯಲ್ಲಿ ಸರ್ವರಿನ ನಂತರ 'ಲೋಕಲ್' ಎಂಬುದನ್ನು ಸೇರಿಸಿ, ಸ್ವಿಚ್ಚಿನಲ್ಲಿಯೇ ಒಂದು ತುರ್ತು ಖಾತೆಯನ್ನು ಇಡಿ. ಸರ್ವರ್ ಉತ್ತರಿಸದೆ ಇದ್ದಾಗ ಮಾತ್ರ ಸ್ವಿಚ್ಚು ಆ ಖಾತೆಯನ್ನು ನೋಡುತ್ತದೆ. ಸರ್ವರ್ ಉತ್ತರಿಸಿ ನಿರಾಕರಿಸಿದರೆ ನೋಡುವುದಿಲ್ಲ. ಆದುದರಿಂದ ಸರ್ವರಿನ ಕೇಬಲ್ ಕಿತ್ತು ಒಮ್ಮೆ ಪರೀಕ್ಷಿಸಿ, ಆ ಖಾತೆಯ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರ ಕಪಾಟಿನಲ್ಲಿಡಿ.