ಓದುಗರ ಪ್ರಶ್ನೆ: ಬಂಡೆಯಲ್ಲಿ ಜಲ್ಲಿ ಎಷ್ಟಿದೆ?

ಪ್ರಶ್ನೆ: ಜಲ್ಲಿ ಕ್ವಾರಿಗೆ ಯೋಜನೆ ಸಿದ್ಧಪಡಿಸುತ್ತಿದ್ದೇವೆ. ಜಾಗ 100 ಮೀಟರ್ ಅಗಲ, 200 ಮೀಟರ್ ಉದ್ದ, ಆಳ 18 ಮೀಟರ್, ಕಲ್ಲು ಗ್ರಾನೈಟ್. ಘನ ಮೀಟರಿಗೆ 2.65 ಟನ್ನಿನಂತೆ 9.54 ಲಕ್ಷ ಟನ್ ಆಗುತ್ತದೆ. ವರ್ಷಕ್ಕೆ ಒಂದು ಲಕ್ಷ ಟನ್ ತೆಗೆದರೆ ಒಂಬತ್ತು ವರ್ಷ ಬರಬಹುದೇ?

ಉತ್ತರ: ಐದು ವರ್ಷ ತುಂಬುವುದೇ ಅನುಮಾನ. ನೀವು ಲೆಕ್ಕ ಹಾಕಿದ್ದು ಪೆಟ್ಟಿಗೆಯಂಥ ಗುಂಡಿಗೆ. ಕ್ವಾರಿಯನ್ನು ಹಾಗೆ ತೋಡಲು ಬರುವುದಿಲ್ಲ.

ಗಡಿಯ ಸುತ್ತ 7.5 ಮೀಟರ್ ಬಿಟ್ಟಿರಿ ಎನ್ನೋಣ. ಉಳಿಯುವುದು 85 × 185 ಮೀಟರ್. 6 ಮೀಟರ್ ಎತ್ತರದ ಮೂರು ಬೆಂಚು (ಕಲ್ಲನ್ನು ಕಡಿಯುತ್ತಾ ಇಳಿಯುವ ಹಂತ), ಪ್ರತಿಯೊಂದಕ್ಕೂ 6 ಮೀಟರ್ ಅಗಲದ ಮೆಟ್ಟಿಲು ಎಂದರೆ ಎರಡನೆಯದು 73 × 173, ಮೂರನೆಯದು 61 × 161ಕ್ಕೆ ಇಳಿಯುತ್ತದೆ. ಒಟ್ಟು 2,29,050 ಘನ ಮೀಟರ್, ಅಂದರೆ ಸುಮಾರು 6.07 ಲಕ್ಷ ಟನ್. ಮೇಲಿನ 3 ಮೀಟರ್ ಮಣ್ಣು, ಶಿಥಿಲ ಕಲ್ಲು ಇದ್ದರೆ 4.82 ಲಕ್ಷ. ನಿಮ್ಮ ಅಂಕಿಯ ಅರ್ಧ!

ಇನ್ನೂ ರ್‍ಯಾಂಪ್ ಅಂದರೆ ಲಾರಿ ಇಳಿಯುವ ದಾರಿಯನ್ನು ಕಳೆದಿಲ್ಲ. 10 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ 18 ಮೀಟರ್ ಇಳಿಯಲು 180 ಮೀಟರ್ ದಾರಿ ಬೇಕು. ಅದರಡಿಯ ಕಲ್ಲು ಕೊನೆಯವರೆಗೂ ಕೈಗೆ ಸಿಗದು. ಹಾಗಾಗಿ ರ್‍ಯಾಂಪನ್ನು ನಕ್ಷೆಯಲ್ಲಿ ಮೊದಲ ದಿನವೇ ಗುರುತಿಸಿ. ಕ್ರಷರ್ ಪುಡಿಗೆ ಗಿರಾಕಿ ಇಲ್ಲದಿದ್ದರೆ ಅದೂ ಕಳೆಯತಕ್ಕದ್ದೇ.

ಹೆಚ್ಚಿನವರು ಎಡವುವುದು ಘನ ಮೀಟರಿನಲ್ಲಿ. ಒಡೆದ ಕಲ್ಲು ಉಬ್ಬುತ್ತದೆ: ಬಂಡೆಯ ಒಂದು ಘನ ಮೀಟರ್ ಲಾರಿಯಲ್ಲಿ ಸುಮಾರು ಒಂದೂವರೆ ಆಗುತ್ತದೆ. ಲಾರಿಯ ಅಳತೆಗೆ 2.65 ಹಾಕಿದರೆ ಇಲ್ಲದ ಕಲ್ಲು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಎಲ್ಲವನ್ನೂ ಟನ್ನಿನಲ್ಲೇ ಬರೆಯಿರಿ.

18 ಮೀಟರ್ ಆಳ ಸಿಗುತ್ತದೆಯೇ ಎಂಬುದು ಅಂತರ್ಜಲಕ್ಕೆ ಬಿಟ್ಟದ್ದು. ಬೋರ್ ಕೊರೆದು ಕನಿಷ್ಠ ಒಂದು ಪೂರ್ತಿ ವರ್ಷ ನೀರಿನ ಮಟ್ಟ ಅಳೆಯಿರಿ. ಬೇಸಿಗೆಯ ಒಂದೇ ಅಳತೆ ನಂಬಿದರೆ ಮಳೆಗಾಲದಲ್ಲಿ ಕೆಳಬೆಂಚು ಕೆರೆಯಾಗುತ್ತದೆ. ಪಂಪ್ ಹಚ್ಚಿದರೆ ಅಕ್ಕಪಕ್ಕದ ಬಾವಿಗಳ ನೀರು ಇಳಿಯಬಹುದು.

ಪ್ರಶ್ನೆ: ತೆಗೆದ ಮೇಲ್ಮಣ್ಣನ್ನು ಎಲ್ಲಿ ಹಾಕುವುದು?

ಉತ್ತರ: ಮುಂದೆ ಕಲ್ಲು ತೆಗೆಯುವ ಜಾಗದ ಮೇಲಂತೂ ಬೇಡ, ಎರಡೆರಡು ಸಲ ಹೊರಬೇಕಾದೀತು. ಗಡಿಯ ಅಂಚಿನಲ್ಲಿ ಒಡ್ಡಿನಂತೆ ಹಾಕಿದರೆ ಸದ್ದು, ದೂಳು ಎರಡಕ್ಕೂ ತಡೆ. ಮೇಲ್ಮಣ್ಣು, ಅಡಿಮಣ್ಣು ಬೇರೆಬೇರೆ ಇರಲಿ. ಮೇಲ್ಮಣ್ಣಿನ ರಾಶಿ 2–3 ಮೀಟರ್ ದಾಟದಿರಲಿ. ಎತ್ತರ ಹೆಚ್ಚಾದಷ್ಟೂ ಒಳಗೆ ಗಾಳಿಯಾಡದೆ ಮಣ್ಣಿನ ಜೀವ ಸಾಯುತ್ತದೆ. ಒದ್ದೆಯಿದ್ದಾಗ ತೆಗೆಯಬೇಡಿ. ರಾಶಿಯಾದ ಕೂಡಲೇ ಹುಲ್ಲು ಬಿತ್ತಿ, ಇಲ್ಲವಾದರೆ ಮೊದಲ ದೊಡ್ಡ ಮಳೆಗೆ ಅರ್ಧ ಮಣ್ಣು ಚರಂಡಿ ಸೇರುತ್ತದೆ.