ಮುಖ ಕೂಡಿದ ಮೇಲೆ ಮೂಳೆ ಏನಾಯಿತು?

ಮಂಡ್ಯದ ಲೇಖಕರಿಗೆ ನಮಸ್ಕಾರ.

ಮುಖ ಕಸಿ, ಅಂದರೆ ದಾನಿಯ ಮುಖದ ಭಾಗವನ್ನು ರೋಗಿಗೆ ಕೂಡಿಸುವ ಆಪರೇಷನ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಆರೋಗ್ಯ ಸಂಚಿಕೆಗೆ ಹಾಕಲು ಆಗುವುದಿಲ್ಲ. ಬಿಸಾಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆರು ಪುಟದಲ್ಲಿ ನಾಲ್ಕು ಪುಟ ಆಪರೇಷನ್ನಿಗೇ ಹೋಗಿದೆ. ‘ವೈದ್ಯಲೋಕದ ವಿಸ್ಮಯ’ ಮೂರು ಸಲ ಬಂದಿದೆ. ಕಸಿಯಾಗಿ ವರ್ಷಗಳು ಕಳೆದಂತೆ ಮೂಳೆ ಸವೆಯುತ್ತದೆ ಅನ್ನುವ ಮಾತು ಮಾತ್ರ ಕೊನೆಯ ಪ್ಯಾರಾದಲ್ಲಿ ತಲೆ ಹಾಕಿ ಓಡಿಹೋಗುತ್ತದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಮೊದಲು ಒಂದು ತಪ್ಪು ತಿದ್ದಿ. 2005ರಲ್ಲಿ ಫ್ರಾನ್ಸಿನ ಅಮಿಯಾಂನಲ್ಲಿ ಇಸಬೆಲ್ ದಿನ್ವಾರ್ ಅವರಿಗೆ ‘ದವಡೆ ಸಮೇತ’ ಕಸಿ ಮಾಡಿದರು ಎಂದಿದ್ದೀರಿ. ಅವರಿಗೆ ಕೂಡಿಸಿದ್ದು ಮೂಗು, ತುಟಿ, ಗಲ್ಲದ ಭಾಗ. ಮುಖದ ಮೂಳೆ ಅದರಲ್ಲಿರಲಿಲ್ಲ. 2008ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಾನಿ ಕಲ್ಪ್ ಅವರಿಗೆ ಮಾಡಿದ ಕಸಿಯಲ್ಲಿ ಮೇಲ್ದವಡೆಯ ಮೂಳೆಯೂ ಸೇರಿತ್ತು. ಇದನ್ನು ಗಮನಿಸದ್ದರಿಂದ ನಿಮ್ಮ ಲೇಖನದಲ್ಲಿ ಎರಡು ಬಗೆಯ ಮೂಳೆ ಕಲಸಿಹೋಗಿವೆ. ದಾನಿಯಿಂದ ಬಂದು, ಪ್ಲೇಟು-ಸ್ಕ್ರೂ ಹಾಕಿ ಕೂಡಿಸಿದ ಮುಖದ ಮೂಳೆ ಒಂದು. ರೋಗಿಯ ಸ್ವಂತ ಬೆನ್ನುಮೂಳೆ, ಸೊಂಟದ ಮೂಳೆ ಇನ್ನೊಂದು. ಮೊದಲನೆಯದು ಸರಿಯಾಗಿ ಕೂಡಿಕೊಂಡಿತೇ, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕಚ್ಚುತ್ತದೆಯೇ, ಮೂಳೆ ಕರಗುತ್ತಿದೆಯೇ ಎಂದು ನೋಡಬೇಕು. ಎರಡನೆಯದಕ್ಕೆ ಕಾಟ ಕೊಡುವುದು ಔಷಧ.

ಹೊಸ ಮುಖವನ್ನು ದೇಹ ತಿರಸ್ಕರಿಸದಿರಲೆಂದು ಸಾಮಾನ್ಯವಾಗಿ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಮೂಳೆ ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ. ಹಳೆಯದನ್ನು ಕೆಡವುವ ಕೆಲಸ ನಡೆಯುತ್ತಲೇ ಇರುತ್ತದೆ. ಮೊದಲ ಕೆಲವು ತಿಂಗಳಲ್ಲೇ ಸವೆತ ಜೋರು. ನೀವೋ ‘ದಿನಾ ರಾಗಿಮುದ್ದೆ ಉಂಡರೆ ಮೂಳೆಗೆ ಭಯವಿಲ್ಲ’ ಎಂದು ಬರೆದಿದ್ದೀರಿ. ಮುದ್ದೆಯ ಮೇಲೆ ನನಗೂ ಅಭಿಮಾನವೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಪ್ಪಿದೆ. ಗಾರೆಯವರೇ ಕೆಲಸಕ್ಕೆ ಬರದಿದ್ದರೆ ಮನೆ ಮುಂದೆ ಇಟ್ಟಿಗೆ ಪೇರಿಸಿ ಏನು ಬಂತು? ‘ಬಿಸಿಲು ಕಾಯಿರಿ’ ಅನ್ನುವ ಸಲಹೆಯಂತೂ ಇಲ್ಲಿ ಅಪಾಯ. ಈ ಔಷಧ ತೆಗೆದುಕೊಳ್ಳುವವರಿಗೆ ಚರ್ಮದ ಕ್ಯಾನ್ಸರಿನ ಭಯ ಹೆಚ್ಚು. ಬಿಸಿಲಿಗೆ ಹೋಗಬೇಡಿ ಎಂದೇ ವೈದ್ಯರು ಹೇಳುತ್ತಾರೆ. ಅಲ್ಲಿಗೆ ಬಿಸಿಲಿನಿಂದ ಸಿಗುವ, ಮೂಳೆಗೆ ಬೇಕಾದ ವಿಟಮಿನ್ ಡಿ ಇನ್ನಷ್ಟು ಇಳಿಯಿತು. ಸಾಲದ್ದಕ್ಕೆ ಟ್ಯಾಕ್ರೋಲಿಮಸ್ ವರ್ಷಗಳು ಕಳೆದಂತೆ ಕಿಡ್ನಿಗೂ ಪೆಟ್ಟು ಕೊಡಬಹುದು. ಕಿಡ್ನಿ ಸೋತರೆ ಇರುವಷ್ಟು ವಿಟಮಿನ್ ಡಿಯೂ ಕೆಲಸಕ್ಕೆ ಬರುವ ರೂಪಕ್ಕೆ ಸರಿಯಾಗಿ ತಿರುಗುವುದಿಲ್ಲ.

ಇನ್ನೊಂದು ಇಕ್ಕಟ್ಟು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ಮೂಳೆ ಸವೆತಕ್ಕೆ ಕೊಡುವ ಆಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್ ಗುಂಪಿನ ಔಷಧಗಳಿಂದ ಅಪರೂಪಕ್ಕೆ ದವಡೆಯ ಮೂಳೆಯೇ ಸಾಯುವುದುಂಟು, ಅದೂ ಹಲ್ಲು ಕೀಳಿಸಿದ ಮೇಲೆ. ಕಲ್ಪ್ ಅವರಂಥವರಿಗೆ ದವಡೆಯೇ ಕಸಿಯಾಗಿ ಬಂದದ್ದು! ಅದಕ್ಕೇ ಹುಳುಕು ಹಲ್ಲಿನ ಕೆಲಸವೆಲ್ಲ ಮುಗಿಸಿಕೊಂಡು ಆಮೇಲೆ ಆ ಔಷಧ ಶುರು ಮಾಡುವುದು ಕ್ಷೇಮ. ಈ ಒಂದು ಪ್ಯಾರಾ ಚೆನ್ನಾಗಿ ಬರೆಯಿರಿ, ನಾಲ್ಕು ಪುಟದ ಆಪರೇಷನ್ ಬೇಡವೇ ಬೇಡ.

ಮುಖ ಕಸಿಯಾದವರು ಮಂಡ್ಯದಲ್ಲಿ ಸಿಗಲಿಕ್ಕಿಲ್ಲ. ಕಿಡ್ನಿ ಕಸಿಯಾದವರು ಸಿಗುತ್ತಾರೆ, ಅವರು ನುಂಗುವುದೂ ಹೆಚ್ಚುಕಮ್ಮಿ ಇದೇ ಗುಳಿಗೆ. ಒಪ್ಪಿದರೆ ಒಬ್ಬರ ಮನೆಗೆ ಹೋಗಿ ಕೂತು ಕೇಳಿ. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದಾರಾ? ಬಸ್ ಹತ್ತುವಾಗ ತೊಡೆಸಂದು ಹಿಡಿಯುತ್ತದಾ? (ಸ್ಟೀರಾಯ್ಡಿನಿಂದ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯುವುದೇ ನಿಂತುಹೋಗುವುದುಂಟು.) ಅವರ ಹೆಸರು ಹಾಕಬೇಡಿ.

ಡೋಸಿನ ಲೆಕ್ಕವೆಲ್ಲ ತೆಗೆದುಬಿಡಿ. ‘ಸ್ಟೀರಾಯ್ಡ್ ಬಿಟ್ಟರೆ ಮೂಳೆ ಉಳಿಯುತ್ತದೆ’ ಅನ್ನುವ ಸಾಲನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ಅದನ್ನು ಓದಿ ಯಾರಾದರೂ ತಾವೇ ಗುಳಿಗೆ ನಿಲ್ಲಿಸಿದರೆ ಕಸಿಯೇ ಕೈಬಿಟ್ಟು ಹೋದೀತು. ಎರಡೂವರೆ ಪುಟಕ್ಕೆ ಇಳಿಸಿ ದಸರಾ ಕಳೆದ ಮೇಲೆ ಕಳಿಸಿ. ಅಲ್ಲಿಯವರೆಗೆ ಮೈಸೂರಿನಲ್ಲಿ ಯಾರಿಗೂ ಓದಲು ಪುರಸೊತ್ತಿರುವುದಿಲ್ಲ.